ಶುಕ್ರವಾರದ ಕಣ್ಣುಗಳು

ಬೆಳಿಗ್ಗೆಯಿಂದ ಅವಳಿಗೆ ತನ್ನ ಬಗ್ಗೆ ತನಗೇ ಸಂತೋಷ ಸ್ವಲ್ಪ ಹೆಚ್ಚಾಗಿತ್ತು. ಕಿರಿಕಿರಿಗೂ ಅದೇ ಕಾರಣ. ಸಂಜೆ ನಾಲ್ಕಕ್ಕೆ ಮೂರನೇ ಮಹಡಿಯ ಸಭಾಂಗಣದಲ್ಲಿ ಅವಳ ಉಪನ್ಯಾಸ. ಕೇಳಲು ಚಿಕಿತ್ಸೆಯ ಕ್ರಮ ಗೊತ್ತುಮಾಡುವ ಸಮಿತಿಯ ಒಂಬತ್ತು ಜನ ಬರುವವರಿದ್ದರು, ಅವರು ಒಪ್ಪುತ್ತಾರೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿಲ್ಲದ ದಿನ ಏನು ಮಾಡಬೇಕೆಂದು ತೋಚದೆ, ಆಗಲೇ ಸರಿಯಾಗಿದ್ದ ಪೆನ್ನುಗಳನ್ನು ಮತ್ತೆ ಸರಿಮಾಡಿದಳು, ರೋಗಿಗಳು ಕೂರುವ ತಿರುಗು ಕುರ್ಚಿಯನ್ನು ಎರಡು ಸಲ ಏರಿಸಿ ಎರಡು ಸಲ ಇಳಿಸಿದಳು. ಐವತ್ತೆರಡು ವರ್ಷದವಳು. ಕಣ್ಣಿನೊಳಗಿನ ಉರಿಯೂತ, ಅಂದರೆ ಹೊರಗೆ ಬರೀ ಕೆಂಪಾಗಿ ಕಂಡು ಒಳಗೊಳಗೇ ದೃಷ್ಟಿಯನ್ನು ತಿಂದುಹಾಕುವ ಕಾಯಿಲೆ, ಅವಳ ವಿಷಯ. ಯಾವ ಸೀಮೆಯ ಜನಕ್ಕೆ ಅದು ಯಾವ ಕಾರಣಕ್ಕೆ ಬರುತ್ತದೆಂದು ಎಂಟು ವರ್ಷ ಕೂತು ಎಣಿಸಿ ಪಟ್ಟಿ ಮಾಡಿದ್ದಳು. ಅದಕ್ಕೇ ಆಸ್ಪತ್ರೆಯವರು ಅವಳಿಗೆ ಪಟ್ಟಿ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು. ಆದರೂ ಕಿವಿಗೆ ಬಿದ್ದಾಗ ಅವಳಿಗೆ ಖುಷಿಯೇ ಆಗುತ್ತಿತ್ತು.

ಕಣ್ಣು ಎಲ್ಲರದೂ ಒಂದೇ, ಅದು ಉರಿಯುವ ಕಾರಣ ಮಾತ್ರ ಊರಿಗೊಂದು ಎಂಬುದು ಅವಳು ಎಲ್ಲಿ ಹೋದರೂ ಆಡುವ ಮಾತು. ಒಂದು ಕಡೆ ಅರೆಬೆಂದ ಮಾಂಸದಿಂದಲೋ ಬೆಕ್ಕಿನ ಹೊಲಸಿನಿಂದಲೋ ಒಳಹೊಕ್ಕ ಕ್ರಿಮಿ, ಇನ್ನೊಂದು ಕಡೆ ಕೆಸರು ನೀರಲ್ಲಿ ದುಡಿಯುವವರಿಗೆ ಇಲಿಯಿಂದ ಬಂದ ಜ್ವರದ ಬಾಲ, ಮತ್ತೊಂದು ಕಡೆ ಬೆನ್ನುಮೂಳೆ ಬಿಗಿಯುವ ಯುವಕರಲ್ಲಿ ಬೆನ್ನಿನ ಜತೆಗೇ ಕಣ್ಣು. ಅವಳ ಆಸ್ಪತ್ರೆಗೆ ಬರುವವರಲ್ಲಿ ಎರಡು ಬಗೆ. ಪೇಟೆಯವರು ಮಂಗಳವಾರ ಬರುತ್ತಿದ್ದರು, ನಾಲ್ಕು ಗಂಟೆ ದೂರದ ಕಲ್ಲುಗಣಿಯ ಗುಡ್ಡದವರು ಶುಕ್ರವಾರ. ಪೇಟೆಯವರಲ್ಲಿ ನೂರಕ್ಕೆ ನಲವತ್ತು ಜನಕ್ಕೆ ಉರಿಯೂತದ ಹಿಂದೆ ಟಿಬಿ ಇತ್ತು. ಗುಡ್ಡದವರಲ್ಲಿ ನೂರಕ್ಕೆ ಐದು. ಇದೇ ಅವಳ ಶೋಧ. ಕಲ್ಲಿನ ಧೂಳು ಕುಡಿದ ಎದೆಗೆ ಟಿಬಿ ಬೇಗ ಹತ್ತುತ್ತದೆ ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು; ಅಂಥ ಕಡೆಯೇ ಅದು ಇಲ್ಲವೆಂದಾಗ ಜಗತ್ತು ತಿರುಗಿ ನೋಡಿತು. ಗುಡ್ಡದವರ ರಕ್ತದಲ್ಲೇ ಏನೋ ಒಂದು ಕಾವಲಿದೆ, ಅವರ ಕಣ್ಣನ್ನು ಸುಡುತ್ತಿರುವುದು ಹೊರಗಿನ ಕ್ರಿಮಿಯಲ್ಲ, ಅವರದೇ ಮೈ ಎಂದು ಅವಳು ಬರೆದಳು. ಇವತ್ತು ಸಮಿತಿ ಒಪ್ಪಿದರೆ ಗುಡ್ಡದ ಕಡೆಯ ಏಳು ಚಿಕಿತ್ಸಾಲಯಗಳಲ್ಲಿ ಇನ್ನುಮುಂದೆ ಟಿಬಿ ಪರೀಕ್ಷೆಯ ಗೊಡವೆಯಿಲ್ಲ. ಕಣ್ಣು ಕೆಂಪಗೆ ಕಂಡ ಕೂಡಲೇ ಉರಿ ತಣಿಸುವ ಸ್ಟೀರಾಯ್ಡ್ ಮಾತ್ರೆ. ದೂರದಿಂದ ಬರುವ ಜನಕ್ಕೆ ಅಲೆದಾಟ ತಪ್ಪಿಸಿದ ಪುಣ್ಯವೂ ತನಗೆ ಬರಲಿ ಎಂದುಕೊಂಡಿದ್ದಳು.

ಇವತ್ತು ಶುಕ್ರವಾರವಾದ್ದರಿಂದ ಹೊರಗಿನ ಬೆಂಚುಗಳಲ್ಲಿ ಗುಡ್ಡದವರೇ ತುಂಬಿದ್ದರು. ಮೂರನೆಯವನಾಗಿ ಒಳಗೆ ಬಂದವನು ಹಳಬ, ಕಲ್ಲುಕುಟಿಗ, ನಲವತ್ತರ ಆಸುಪಾಸಿನವನು. ಯಂತ್ರದ ಮೇಲೆ ಗಲ್ಲ ಇಡಲು ಅವನಿಗೆ ಹೇಳಬೇಕಾಗಿಯೇ ಇರಲಿಲ್ಲ. ಬಲಗಣ್ಣಿನಲ್ಲಿ ಉರಿಯೂತ ಮತ್ತೆ ತಲೆಯೆತ್ತಿತ್ತು. ಎಡಗಣ್ಣಿನ ಒಳಪರದೆಯ ಮೇಲೆ, ಸರಿಯಾಗಿ ನಡುವೆ, ಓದಲು ಮತ್ತು ಮುಖ ಗುರುತಿಸಲು ಬೇಕಾದ ಜಾಗದಲ್ಲೇ, ಬಿಳಿ ಕಲೆ. ಅದು ಇನ್ನು ಹೋಗುವುದಿಲ್ಲ. ನಾಲ್ಕು ತಿಂಗಳಿಂದ ಅವಳೇ ಬರೆದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದ. ನುಂಗಿದಾಗ ತಣ್ಣಗಾಗಿ, ಕಡಿಮೆ ಮಾಡಿದಾಗ ಮತ್ತೆ ಉರಿದು, ಪ್ರತಿ ಸಲ ಸ್ವಲ್ಪ ಜಾಗ ತಿಂದು ಹೋಗಿತ್ತು. "ಹಟ ಮಾಡ್ತಿದೆಯಪ್ಪಾ ನಿಮ್ಮ ಕಣ್ಣು," ಎಂದಳು. "ಕಲ್ಲಿನ ಜತೆ ಇದ್ದೂ ಇದ್ದೂ ಅದೂ ಕಲ್ಲಾಗಿದೆ ಡಾಕ್ಟರಮ್ಮ," ಎಂದು ಅವನು ನಕ್ಕ. ಅವಳು ಮಾತ್ರೆ ಹೆಚ್ಚಿಸಿ ಬರೆಯತೊಡಗಿದಳು. ಬರೆಯುವಾಗ ಮನಸ್ಸು ಮೂರನೇ ಮಹಡಿಯಲ್ಲಿತ್ತು.

ಪಕ್ಕದ ಕುರ್ಚಿಯಲ್ಲಿ ಹೊಸದಾಗಿ ಬಂದ ಹೆಂಗಸೊಬ್ಬಳಿಗೆ ನರ್ಸು ಮುಂಗೈ ಚರ್ಮದಡಿ ಟಿಬಿ ಪರೀಕ್ಷೆಯ ಸೂಜಿ ಚುಚ್ಚುತ್ತಿದ್ದಳು. ಒಂದು ಹನಿ ಔಷಧಿ, ಎರಡು ಮೂರು ದಿನ ಬಿಟ್ಟು, ಭಾನುವಾರ ರಜೆಯಾದ್ದರಿಂದ ಸೋಮವಾರ, ಬಂದು ತೋರಿಸಬೇಕು. ಗಟ್ಟಿಯಾಗಿ ಊದಿಕೊಂಡಿದ್ದರೆ ಮೈಯಲ್ಲಿ ಟಿಬಿಯ ಕ್ರಿಮಿ ಹೊಕ್ಕಿದೆಯೆಂದು ಲೆಕ್ಕ. ಹೆಂಗಸು ಮುಖ ಕಿವುಚಿದ್ದನ್ನು ನೋಡಿ ಕಲ್ಲುಕುಟಿಗನಿಗೆ ಸುಮ್ಮನಿರಲಾಗಲಿಲ್ಲ. "ಹೆದರಬೇಡಮ್ಮ, ಏನಾಗಲ್ಲ. ಎರಡು ದಿನಕ್ಕೆ ಊದುತ್ತೆ, ಆಮೇಲೆ ತಾನೇ ಇಳಿಯುತ್ತೆ. ನನಗೆ ಇಷ್ಟು ಊದಿತ್ತು," ಎಂದು ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ತೋರಿಸಿದ.

ಅವಳ ಪೆನ್ನು ನಿಂತಿತು. ಅವನ ಬೆರಳುಗಳ ನಡುವೆ ಒಂದು ಅಂಗುಲದ ಮೇಲೆಯೇ ಜಾಗವಿತ್ತು. ಕಡತ ತಿರುವಿದಳು. ಐದು ತಿಂಗಳ ಹಿಂದಿನ ಪುಟದಲ್ಲಿ, ಚರ್ಮದ ಪರೀಕ್ಷೆ ಎಂಬುದರ ಎದುರು ದಾಖಲೆ ಕೋಣೆಯ ಗುಮಾಸ್ತನ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಊದಿಲ್ಲ.

"ನಿಮಗೆ ಊದಿತ್ತಾ?"

"ಹೂಂ. ಭಾನುವಾರ ಬೆಳಿಗ್ಗೆ ನೋಡ್ತೀನಿ, ಗಟ್ಟಿ. ಕಲ್ಲು ಅಳೆಯೋ ಕೈವಾರ ಇಟ್ಟು ನಾನೇ ಅಳೆದಿದ್ದೆ, ಸುಮ್ಮನೆ, ತಮಾಷೆಗೆ."

"ಬಂದು ಯಾಕೆ ತೋರಿಸ್ಲಿಲ್ಲ?"

"ಸೋಮವಾರ ಲಾರಿ ತುಂಬೋ ದಿನ ಡಾಕ್ಟರಮ್ಮ, ಅವತ್ತು ತಪ್ಪಿಸಿದ್ರೆ ಮಾರನೇ ದಿನ ಕೆಲಸಕ್ಕೆ ಬೇರೆಯವನು ಬಂದಿರ್ತಾನೆ. ಮುಂದಿನ ಸಲ ಬಂದಾಗ ಯಾರೂ ಕೇಳ್ಲೂ ಇಲ್ಲ."

"ಅಷ್ಟು ಊದಿದ್ದು ನೋಡಿ ಹೆದರಿಕೆ ಆಗ್ಲಿಲ್ವಾ?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. ತನ್ನ ಎರಡೂ ಕೈಗಳನ್ನು ಅವಳ ಮೇಜಿನ ಮೇಲೆ ಚಾಚಿದ. ಒಂದು ಬೆರಳಿಗೆ ಉಗುರಿರಲಿಲ್ಲ, ಮಣಿಕಟ್ಟಿನ ಹತ್ತಿರ ಹಳೆಯ ಗಾಯ, ಗೆಣ್ಣುಗಳೆಲ್ಲ ದಪ್ಪ. "ಈ ಕೈ ಯಾವತ್ತು ಊದಿಲ್ಲ ಹೇಳಿ," ಎಂದ.

ಅವಳು ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. ಮೈಯಲ್ಲಿ ಟಿಬಿ ಇದ್ದರೆ ಆ ಮಾತ್ರೆಯೊಂದೇ ಉರಿಯನ್ನು ಮುಚ್ಚಿಟ್ಟು ರೋಗವನ್ನು ಬೆಳೆಸುತ್ತದೆ. ಎದೆಯ ಎಕ್ಸ್‌ರೇಗೆ, ರಕ್ತಕ್ಕೆ, ಕಫಕ್ಕೆ ಬೇರೆ ಚೀಟಿ ಬರೆದಳು. "ಈಗಲೇ ಊರಿಗೆ ಹೋಗಬೇಡಿ, ನಾನು ಹೇಳೋ ತನಕ ಇಲ್ಲೇ ಇರಿ," ಎಂದಳು. ಸಂಜೆ ಏಳಕ್ಕೂ ಒಂದು ಬಸ್ಸಿದೆ, ಪರವಾಗಿಲ್ಲ ಎಂದು ಅವನು ಹೋದ. ಮುಂದಿನ ರೋಗಿ, ಅದರ ಮುಂದಿನವರು, ಗಲ್ಲ ಇಡಿ, ಮೇಲೆ ನೋಡಿ, ಕೆಳಗೆ ನೋಡಿ. ಅವಳ ಬಾಯಿ ಎಂದಿನ ಮಾತುಗಳನ್ನು ಆಡುತ್ತಿತ್ತು. ಒಳಗೆ ಒಂದು ಮುಖ ಬಂದು ನಿಂತಿತ್ತು. ಮೂರು ವರ್ಷದ ಹಿಂದೆ ಬೇರೊಂದು ಊರಿನ ಸಮ್ಮೇಳನದಲ್ಲಿ, ಹಿಂದಿನ ಸಾಲಿನಿಂದ ಎದ್ದ ಮುದುಕ ಡಾಕ್ಟರು. ಕಿವಿಗೆ ಯಂತ್ರ, ಎದೆಗೆ ಅವುಚಿಕೊಂಡ ಬಟ್ಟೆಯ ಚೀಲ. ಅಷ್ಟು ಧೂಳಿನಲ್ಲಿರೋರಿಗೆ ಟಿಬಿ ಕಡಿಮೆ ಅಂದ್ರೆ ಹೇಗಮ್ಮಾ, ನಂಬೋದು ಕಷ್ಟ ಎಂದಿದ್ದರು. ಕಷ್ಟ ನಂಬಿಕೆಯದು, ನನ್ನ ಪಟ್ಟಿಯದಲ್ಲ ಸರ್ ಎಂದಿದ್ದಳು ಅವಳು. ಸಭೆ ಗೊಳ್ಳೆಂದು ನಕ್ಕಿತ್ತು. ಮುದುಕರೂ ನಗಲು ನೋಡಿ, ಆಗದೆ, ಕೂರಲು ಹೋಗಿ ಮಡಚಿಕೊಂಡಿದ್ದ ಕುರ್ಚಿಯನ್ನು ಕೈಯಿಂದ ತಡಕಿದ್ದರು. ಆ ರಾತ್ರಿ ಅವಳು ಗಂಡನಿಗೆ ಫೋನಿನಲ್ಲಿ ಅದನ್ನು ನಾಟಕ ಮಾಡಿ ಹೇಳಿದ್ದಳು, ತಡಕಿದ್ದನ್ನೂ ಸೇರಿಸಿ. ಥೂ ಎನಿಸಿತು.

ಊಟದ ಹೊತ್ತಿಗೆ ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿದಳು. ಗುಮಾಸ್ತ ಕಬ್ಬಿಣದ ಕಪಾಟುಗಳ ನಡುವೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದವನು ಗಡಬಡಿಸಿ ಎದ್ದ. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯಲ್ಲಿದ್ದವನು. ಕಡತ ಕೇಳಿದರೆ ಮಲಗಿದ್ದಲ್ಲಿಂದಲೂ ಎದ್ದು ಕೊಡುತ್ತಾನೆಂದು ಹೆಸರು. ಗುಡ್ಡದವರಲ್ಲಿ ಸೋಮವಾರ ಬಂದು ಕೈ ತೋರಿಸಿ ಹೋದವರೆಷ್ಟು ಎಂದು ಅವಳು ಕೇಳಿದಳು. ಅವನು ಪುಸ್ತಕ ತೆಗೆಯುವ ಮೊದಲೇ, "ಇಪ್ಪತ್ತೆರಡು," ಎಂದ.

"ಇನ್ನೂರ ನಲವತ್ತರಲ್ಲಿ?"

"ಹೂಂ ಮೇಡಂ. ಸೋಮವಾರ ಅವರು ಎಲ್ಲಿ ಬರ್ತಾರೆ."

"ಬಾರದೇ ಇದ್ದವರಿಗೆ?"

"ಊದಿಲ್ಲ ಅಂತ ಹಾಕಿದೀನಿ."

"ಹಾಗಂತ ಹೇಳಿದ್ದು ಯಾರು?"

ಗುಮಾಸ್ತ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಹಾಕಿದ. ಒಳ್ಳೆಯ ಮನುಷ್ಯ, ಹೇಳಲು ಅವನಿಗೆ ಸಂಕಟವಾಗುತ್ತಿತ್ತು. "ಮೊದಲನೇ ವರ್ಷ ನಾನೇ ಬಂದು ಕೇಳಿದ್ದೆ ಮೇಡಂ. ಬಾರದೇ ಇರೋರಿಗೆ ಏನು ಬರೀಲಿ, ಖಾಲಿ ಬಿಡ್ಲಾ ಅಂತ. ನೀವು ಯಾರ್ದೋ ಕಣ್ಣು ನೋಡ್ತಿದ್ರಿ. ಊದಿಲ್ಲ ಅಂತ ಹಾಕಿ, ಊದಿದ್ರೆ ಹೆದರಿ ಓಡಿ ಬರ್ತಿರ್ಲಿಲ್ವಾ ಅಂದ್ರಿ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾನೂ ಅಂದ್ರಿ. ನಾನು ನಕ್ಕಿದ್ದೆ."

ನೆನಪಾಯಿತೋ ಇಲ್ಲವೋ, ಅವಳಿಗೆ ಇವತ್ತಿಗೂ ಹೇಳಲಾಗದು. ಆದರೆ ಮಾತು ತನ್ನದೇ. ಆ ಗತ್ತು, ತಲೆಯೆತ್ತದೆ ಹೇಳುವ ಆ ರೀತಿ, ಕೊನೆಗೊಂದು ಗಾದೆ ಎಸೆದು ಬಾಗಿಲು ಮುಚ್ಚುವ ಚಾಳಿ. ಊದಿದರೆ ತಾನು ಹೆದರುತ್ತಿದ್ದಳು. ಅತ್ತೆ ಹೆದರುತ್ತಿದ್ದರು, ಗಂಡ ಮೂರು ಜನಕ್ಕೆ ಫೋನು ಮಾಡುತ್ತಿದ್ದ, ಪೇಟೆಯವರೆಲ್ಲ ಹೆದರಿ ಗುರುವಾರ ಬೆಳಿಗ್ಗೆಯೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಕೈ ಊದಿದರೆ ಹೆದರಲು ಊದದ ಕೈ ಇರಬೇಕು. ಅದು ಅವಳ ತಲೆಗೆ ಹೊಳೆಯಲೇ ಇಲ್ಲ. ಶುಕ್ರವಾರ ಎಂದು ಗೊತ್ತುಮಾಡಿದವಳೂ ಅವಳೇ. ಬುಧವಾರದ ಕೋಣೆ ಖಾಲಿಯಿತ್ತು, ಆದರೆ ಬುಧವಾರ ಅವಳು ಬರೆಯಲು ಕೂರುವ ದಿನ. ಆ ಬುಧವಾರಗಳಲ್ಲಿ ಕೂತು ಗುಡ್ಡದವರ ರಕ್ತದ ಕಾವಲಿನ ಬಗ್ಗೆ ಹನ್ನೊಂದು ಪ್ರಬಂಧ ಬರೆದಿದ್ದಳು. ಬುಧವಾರ ಸೂಜಿ ಚುಚ್ಚಿದ್ದರೆ ಶುಕ್ರವಾರ ನೋಡಬಹುದಿತ್ತು, ಊರಿಗೆ ಹೋಗದೆ ಛತ್ರದಲ್ಲಿ ಎರಡು ದಿನ ಉಳಿಸಿಕೊಳ್ಳಬಹುದಿತ್ತು, ಅಥವಾ ಒಬ್ಬ ನರ್ಸನ್ನು ಭಾನುವಾರ ಅಲ್ಲಿಗೇ ಕಳಿಸಬಹುದಿತ್ತು. ದಾರಿ ಹತ್ತಾರಿದ್ದವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳಿಗೆ ದಾರಿ ಯಾಕೆ ಬೇಕು.

"ಆ ಇಪ್ಪತ್ತೆರಡು ಜನರಲ್ಲಿ ಊದಿದ್ದು ಎಷ್ಟು ಜನಕ್ಕೆ?"

"ಹದಿಮೂರು."

ಅರ್ಧಕ್ಕಿಂತ ಹೆಚ್ಚು, ಪೇಟೆಗಿಂತ ಹೆಚ್ಚು. ಧೂಳು ಕುಡಿದ ಎದೆ ತಾನು ಹೇಳಬೇಕಾದ್ದನ್ನು ಮೊದಲಿನಿಂದಲೂ ಹೇಳುತ್ತಲೇ ಇತ್ತು. ಗುಮಾಸ್ತ ಮೆಲ್ಲಗೆ, "ಊಟ ಮಾಡಿದ್ರಾ ಮೇಡಂ?" ಎಂದು ಕೇಳಿದ. ಈ ಕೋಣೆಯಲ್ಲಿ ತನ್ನನ್ನು ಕಂಡು ಕನಿಕರ ಪಡುವವನೊಬ್ಬನಿದ್ದಾನೆ ಎಂಬುದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಆಯ್ತು ಎಂದು ಸುಳ್ಳು ಹೇಳಿದಳು.

ಮೆಟ್ಟಿಲ ತಿರುವಿನಲ್ಲಿ ನಿಂತು ಗಂಡನಿಗೆ ಫೋನು ಮಾಡಿದಳು. ಅವನು ಕಾಲೇಜಿನಲ್ಲಿ ಗಣಿತ ಹೇಳುವವನು. ಅವಳು ಎರಡು ವಾಕ್ಯ ಹೇಳುವಷ್ಟರಲ್ಲಿ ಎಲ್ಲ ಅರ್ಥವಾಗಿ ಅವನ ಉಸಿರು ಬದಲಾದದ್ದು ಕೇಳಿಸಿತು. "ಪರೀಕ್ಷೆಗೇ ಬಾರದವನಿಗೆ ಸೊನ್ನೆ ಕೊಟ್ಟುಬಿಟ್ಟೆಯಲ್ಲೇ," ಎಂದ. "ತಮಾಷೆ ಮಾಡಿದ್ದಲ್ಲ," ಎಂದ ಆಮೇಲೆ.

"ಗೊತ್ತು. ಸಂಜೆ ಏನು ಮಾಡ್ಲಿ?"

"ಅದನ್ನ ನನ್ನ ಕೇಳೋಕೆ ಫೋನು ಮಾಡಿದವಳ ದನಿ ಇದಲ್ಲ. ನೀನು ಆಗಲೇ ತೀರ್ಮಾನ ಮಾಡಿದ್ದೀಯ, ಯಾರಾದ್ರೂ ಬೇಡ ಅಂತಾರಾ ಅಂತ ನೋಡ್ತಿದ್ದೀಯ."

"ನೀವು ಬೇಡ ಅಂತೀರಾ?"

"ಅಂದ್ರೆ ಕೇಳ್ತೀಯಾ?"

ಕೇಳುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅದು ಗೊತ್ತಿತ್ತು. ಫೋನು ಇಟ್ಟಾಗ ಅವಳಿಗೇ ಆಶ್ಚರ್ಯವಾಯಿತು. ನಾಚಿಕೆ ಬೆಟ್ಟದಷ್ಟಿತ್ತು, ಆದರೆ ಬೆಳಿಗ್ಗೆಯಿಂದ ಕಾಡಿದ ಕಿರಿಕಿರಿ ಹೋಗಿತ್ತು. ಕೆಲಸವಿಲ್ಲದೆ ಪೆನ್ನು ಜೋಡಿಸುತ್ತಿದ್ದವಳಿಗೆ ಕೆಲಸ ಸಿಕ್ಕಿತ್ತು. ಎಣಿಸುವುದು ತನಗೆ ಗೊತ್ತು. ತಪ್ಪು ಎಣಿಸಿದ್ದು ಎಲ್ಲಿ ಎಂದು ಕಂಡಮೇಲೆ ಸರಿಯಾಗಿ ಎಣಿಸುವುದೂ ಬೇರೆ ಯಾರಿಗಿಂತ ತನಗೇ ಚೆನ್ನಾಗಿ ಗೊತ್ತು. ಇಂಥ ಹೊತ್ತಿನಲ್ಲೂ ತನ್ನ ಮೇಲೆ ತನಗಿರುವ ಈ ಭರವಸೆ ಗುಣವೋ ದುರ್ಗುಣವೋ ಎಂದು ಯೋಚಿಸುತ್ತ ಮೆಟ್ಟಿಲು ಹತ್ತಿದಳು. ಇದೇ ಭರವಸೆಯಲ್ಲವೆ ಆವತ್ತು ತಲೆಯೆತ್ತದೆ ಮಾತಾಡಿದ್ದು.

ಮೂರನೇ ಮಹಡಿಯಲ್ಲಿ ದೊಡ್ಡ ಡಾಕ್ಟರು, ಆಸ್ಪತ್ರೆಯ ಮುಖ್ಯಸ್ಥರು, ಬಾಗಿಲಲ್ಲೇ ಸಿಕ್ಕರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಎಂಟು ವರ್ಷದ ಕೆಲಸಾರೀ," ಎಂದರು. "ಕೊನೆಗೆ ಒಂದು ಮಾತು ಸೇರಿಸಿಬಿಡಿ, ಈ ಅಧ್ಯಯನಕ್ಕೆ ಕೆಲವು ಮಿತಿಗಳಿವೆ ಅಂತ. ಎಲ್ಲರೂ ಸೇರಿಸ್ತಾರೆ. ಆಮೇಲೆ ನಿಧಾನವಾಗಿ ಸರಿಮಾಡೋಣ. ಸಮಿತಿಯವರ ಮುಂದೆ ಹೀಗೆ ಬಟ್ಟೆ ಬಿಚ್ಚಿ ನಿಲ್ಲೋ ಅಗತ್ಯ ಏನಿದೆ?"

"ಮಿತಿ ಅಲ್ಲ ಸರ್, ಇದು ತಪ್ಪು. ಇವತ್ತು ಅವರು ಒಪ್ಪಿಬಿಟ್ರೆ ನಾಳೆಯಿಂದ ಏಳು ಕಡೆ ಪರೀಕ್ಷೆ ನಿಲ್ಲುತ್ತೆ."

"ನಿಮ್ಮ ಹೆಸರು?"

"ಪಟ್ಟಿಯ ಮೇಲೂ ನನ್ನ ಹೆಸರೇ ಇದೆಯಲ್ಲ."

ಆಮೇಲಿನದು ಅವಳಿಗೆ ತುಂಡು ತುಂಡಾಗಿ ನೆನಪಿದೆ. ಪರದೆಯ ಮೇಲೆ ಚಂದದ ಬಣ್ಣದ ಆ ಕೋಷ್ಟಕ. ಅದನ್ನು ತೋರಿಸಿ, ಇದು ತಪ್ಪು, ಇದನ್ನು ತಪ್ಪಾಗಿ ಮಾಡಿದವಳು ನಾನು, ಗುಮಾಸ್ತರು ನಾನು ಹೇಳಿದಂತೆ ಬರೆದರು ಎಂದದ್ದು. ಯಾರೋ ಕೆಮ್ಮಿದ್ದು. ಇಲ್ಲಿ ನಾವು ಅಳೆದದ್ದು ಜನರ ರಕ್ತವನ್ನಲ್ಲ, ಅವರ ಸೋಮವಾರವನ್ನು ಎಂದದ್ದು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನು ಅವಳು ನಿರೀಕ್ಷಿಸಿರಲಿಲ್ಲ. ಪ್ರಸ್ತಾವ ಬಿದ್ದುಹೋಯಿತು, ಪರೀಕ್ಷೆ ಉಳಿಯಿತು. ಅಧ್ಯಕ್ಷೆ ಬಂದು ಎರಡೂ ಕೈ ಹಿಡಿದುಕೊಂಡು, ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಎಲ್ಲಿದೆ ಎಂದರು. ದೊಡ್ಡ ಡಾಕ್ಟರ ಮುಖ ಕೂಡ ಅರಳಿತ್ತು. ಅವಳು ಎಲ್ಲರಿಗೂ ನಕ್ಕಳು, ಕಾಫಿ ಲೋಟವನ್ನೂ ಕೈಗೆ ತೆಗೆದುಕೊಂಡಳು. ಕುಡಿಯಲು ಹೋದಾಗ ತಾನು ಈಗ ಹೊಗಳಿಕೆಯ ರುಚಿ ನೋಡುತ್ತಿದ್ದೇನೆಂದು ಗೊತ್ತಾಯಿತು. ಕಣ್ಣು ಕಳೆದುಕೊಂಡವನು ಒಬ್ಬ, ಮರ್ಯಾದೆ ಸಿಗುತ್ತಿರುವುದು ತನಗೆ. ಲೋಟವನ್ನು ಹಾಗೇ ಇಟ್ಟು ಕೆಳಗಿಳಿದಳು.

ಕಲ್ಲುಕುಟಿಗ ಎಕ್ಸ್‌ರೇ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಿದ್ದ. ದೊಡ್ಡ ಹಳದಿ ಲಕೋಟೆ ತೊಡೆಯ ಮೇಲಿತ್ತು. ಅವಳು ನಿಂತಲ್ಲೇ ಚಿತ್ರವನ್ನು ದೀಪಕ್ಕೆ ಹಿಡಿದಳು. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ನೆರಳು, ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ತಿರುಗಿ ಲಕೋಟೆಗೆ ಹಾಕಿ ಅವನ ಪಕ್ಕದಲ್ಲಿ ಕೂತಳು. ಡಾಕ್ಟರಮ್ಮ ಬೆಂಚಿನ ಮೇಲೆ ಕೂತದ್ದು ಅವನಿಗೆ ಕಸಿವಿಸಿಯಾಗಿ ಸ್ವಲ್ಪ ಸರಿದ.

"ನಿಮ್ಮ ಕಣ್ಣಿಗೆ ಬಂದಿರೋದು ಟಿಬಿಯಿಂದ. ಅದಕ್ಕೆ ಔಷಧಿ ಇದೆ. ಇವತ್ತೇ ಶುರು ಮಾಡೋಣ, ತಿಂಗಳುಗಟ್ಟಲೆ ತಗೋಬೇಕು, ಬಿಡಬಾರದು. ಹಳೇ ಮಾತ್ರೆನೂ ಒಮ್ಮೆಲೇ ನಿಲ್ಲಿಸಬೇಡಿ, ನಾನು ಹೇಳಿದ ಹಾಗೆ ಇಳಿಸಬೇಕು. ಬಲಗಣ್ಣು ಉಳಿಯುತ್ತೆ."

"ಎಡಗಣ್ಣು?"

"ಅದು ಬರಲ್ಲ." ಇಲ್ಲಿಗೆ ನಿಲ್ಲಿಸಬಹುದಿತ್ತು. ಡಾಕ್ಟರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ರೋಗಿ ಹಣೆಬರಹ ಎಂದುಕೊಂಡು ಎದ್ದು ಹೋಗುತ್ತಾನೆ. "ಐದು ತಿಂಗಳ ಹಿಂದೆ ನಿಮ್ಮ ಕೈ ಊದಿದ್ದು ಗೊತ್ತಾಗಿದ್ರೆ ಈ ಔಷಧಿ ಆವತ್ತೇ ಕೊಡಬಹುದಿತ್ತು. ನಾವು ಕೇಳ್ಲಿಲ್ಲ. ಕೇಳದೇ ಊದಿಲ್ಲ ಅಂತ ಬರೆದ್ವಿ. ಹಾಗೆ ಬರೀರಿ ಅಂದವಳು ನಾನು. ನಿಮ್ಮ ಎಡಗಣ್ಣು ಹೋಗಿದ್ದು ನನ್ನಿಂದ."

ಅವನು ಅವಳನ್ನು ನೋಡಲಿಲ್ಲ. ಎದುರಿನ ಗೋಡೆಯನ್ನು ನೋಡಿದ. ಬಲಗೈಯಿಂದ ಬಲಗಣ್ಣು ಮುಚ್ಚಿ ನೋಡಿದ, ತೆಗೆದು ನೋಡಿದ. ಅವಳು ಕಾದಳು. ಬೈಯಲಿ ಎಂದು ಕಾದಳು, ಹೋಗಲಿ ಬಿಡಿ ಎನ್ನಬಹುದೇನೋ ಎಂದೂ ಒಳಗಿನ ಯಾವುದೋ ಮೂಲೆ ಕಾಯುತ್ತಿದ್ದುದು ಅವಳಿಗೆ ಗೊತ್ತಾಯಿತು, ಗೊತ್ತಾಗಿ ಹೇಸಿಗೆಯಾಯಿತು. ಅವನು ಎರಡನ್ನೂ ಕೊಡಲಿಲ್ಲ. ಲಕೋಟೆಯನ್ನು ಬಗಲಿಗಿಟ್ಟುಕೊಂಡು ಎದ್ದು ನಿಂತ.

"ಇನ್ನೂ ಎಷ್ಟು ಜನಕ್ಕೆ ಹಾಗೆ ಬರೆದಿದ್ದೀರಿ?"

"ಇನ್ನೂರ ಹದಿನೆಂಟು ಜನಕ್ಕೆ. ನಿಮ್ಮನ್ನೂ ಸೇರಿಸಿ."

"ಅದರಲ್ಲಿ ನನ್ನ ತಂಗಿ ಇದ್ದಾಳೆ," ಎಂದ ಅವನು. ದನಿಯಲ್ಲಿ ಸಿಟ್ಟಿತ್ತು, ಆದರೆ ಅದನ್ನು ಅವನು ಕೆಲಸಕ್ಕೆ ಹಚ್ಚಿದ್ದ. "ಎರಡು ತಿಂಗಳಿಂದ ನಿಮ್ಮ ಮಾತ್ರೆನೇ ನುಂಗ್ತಿದಾಳೆ. ಅವಳ ಕೈಯೂ ಊದಿತ್ತು, ನಾನೇ ಏನಾಗಲ್ಲ ಬಿಡು ಅಂದಿದ್ದೆ. ಅವಳಿಗೆ ಎರಡೂ ಕಣ್ಣು ಇನ್ನೂ ಕಾಣುತ್ತೆ."

ಅವಳು ಕೈಗಡಿಯಾರ ನೋಡಿಕೊಂಡಳು. ಆರೂ ಇಪ್ಪತ್ತಾಗಿತ್ತು. "ಔಷಧಿ ಕಟ್ಟಿಸ್ಕೊಂಡು ಬರ್ತೀನಿ, ಐದು ನಿಮಿಷ," ಎಂದು ಎದ್ದಳು. "ನಿಮ್ಮ ಏಳು ಗಂಟೆ ಬಸ್ಸಲ್ಲಿ ನನಗೂ ಒಂದು ಸೀಟು ಹಿಡಿದಿರಿ."